ಎಷ್ಟು ಸಲ ಒತ್ತಿದರೂ ಫಲ ಒಂದೇ

ಪದದ ಮೇಲೆ ನನಗೆ ಸಿಟ್ಟಿಲ್ಲ. ಪದ ಒಳ್ಳೆಯದೇ. ಅರ್ಥ ತಿಳಿಯದೆ ಅದನ್ನು ಬಾಯಿಗೆ ಹಾಕಿಕೊಂಡು ಓಡಾಡುವವರ ಮೇಲೆ ನನಗೆ ಸಿಟ್ಟು. ಅಂಥವರು ನಾಗರಗುಂಡ ನೆರಳು ನಿಗಮದಲ್ಲಿ ಕುರ್ಚಿಗೊಬ್ಬರಂತೆ ಇದ್ದರು.

ಪದ ಐಡೆಂಪೊಟೆಂಟ್. ತಂತ್ರಾಂಶ ಬರೆಯುವವರು ಬಳಸುವುದು. ಯಂತ್ರಕ್ಕೆ ಒಂದು ಆದೇಶವನ್ನು ಒಂದು ಸಲ ಕೊಟ್ಟರೂ ಹತ್ತು ಸಲ ಕೊಟ್ಟರೂ ಕೊನೆಗೆ ಆಗುವುದು ಒಂದೇ ಎಂದಾದರೆ ಆ ಆದೇಶ ಐಡೆಂಪೊಟೆಂಟ್. ‘ದೀಪ ಆರಿಸು’ ಎಂದು ಹತ್ತು ಸಲ ಹೇಳಿ, ದೀಪ ಆರಿರುತ್ತದೆ, ಅಷ್ಟೇ. ‘ಸಾರಿಗೆ ಒಂದು ಚಿಟಿಕೆ ಉಪ್ಪು ಹಾಕು’ ಎಂದು ಹತ್ತು ಸಲ ಹೇಳಿ ನೋಡಿ, ಆ ಸಾರನ್ನು ಯಾರೂ ಬಾಯಿಗಿಡಲಾರರು. ಮೊದಲನೆಯದು ಐಡೆಂಪೊಟೆಂಟ್, ಎರಡನೆಯದು ಅಲ್ಲ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆಯೋ ನನಗಂತೂ ತಿಳಿಯದು.

ನಾನು ಸುಗಲಾದೇವಿ, ನಿಗಮದ ಪರಿಭಾಷಾ ಅಧಿಕಾರಿ. ಯಂತ್ರ ಕೊಟ್ಟ ಕಂಪನಿಯವರು ಇಂಗ್ಲಿಷಿನಲ್ಲಿ ಕಳಿಸಿದ್ದನ್ನು ವಾರ್ಡಿನ ಹೆಣ್ಣುಮಕ್ಕಳು ಓದಿ ಯಂತ್ರ ನಡೆಸುವ ಹಾಗೆ ಕನ್ನಡದಲ್ಲಿ ಬರೆಯುವುದು ನನ್ನ ಕೆಲಸ. ಈ ಪದಕ್ಕೆ ಕನ್ನಡ ಹುಡುಕಲು ಏಳು ಜನರ ಸಭೆ ಎರಡು ತಾಸು ನಡೆಯಿತು. ಒಬ್ಬರು ಸಂಸ್ಕೃತದಲ್ಲಿ ಹನ್ನೊಂದು ಅಕ್ಷರದ ಪದ ಕಟ್ಟಿ ತಂದಿದ್ದರು. ಇನ್ನೊಬ್ಬರು ಇಂಗ್ಲಿಷೇ ಇರಲಿ, ಘನತೆ ಇರುತ್ತದೆ ಎಂದರು. ನಾನು ‘ಏಕಫಲಿ’ ಎಂದು ಬರೆದೆ. ಅದರ ಕೆಳಗೆ, ಕೈಪಿಡಿಯ ಹದಿನಾಲ್ಕನೇ ಪುಟದಲ್ಲಿ, ಯಾರಿಗೂ ಅನುಮಾನ ಉಳಿಯಬಾರದೆಂದು ಒಂದು ಸಾಲು ಸೇರಿಸಿದೆ: ‘ಚಪ್ಪರದ ಎಲ್ಲ ಆದೇಶಗಳೂ ಏಕಫಲಿ. ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಫಲ ಒಂದೇ.’ ಆ ಸಾಲಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಚಪ್ಪರದ ವಿಷಯ ಹೇಳಬೇಕು. ನಮ್ಮ ಊರಲ್ಲಿ ವೈಶಾಖದ ಬಿಸಿಲು ಐವತ್ತು ಡಿಗ್ರಿ ದಾಟತೊಡಗಿ ಆಗಲೇ ಹನ್ನೆರಡು ವರ್ಷ ಆಗಿತ್ತು. ಕೊನೆಗೆ ಸರಕಾರ ಊರಿನ ಮೇಲೆಯೇ ನೆರಳು ಹಾಸಿತು. ಇಪ್ಪತ್ತು ಮಾಳಿಗೆ ಎತ್ತರದ ಕಂಬಗಳು, ಕಂಬಗಳ ನಡುವೆ ಬಿಗಿದ ತಂತಿ, ತಂತಿಯ ಮೇಲೆ ಸಾಲುಸಾಲಾಗಿ ಬೆಳ್ಳಿ ಬಣ್ಣದ ರೆಕ್ಕೆಗಳು. ರೆಕ್ಕೆ ಅಡ್ಡ ಮಲಗಿದರೆ ಪೂರ್ತಿ ನೆರಳು. ಎದ್ದು ನಿಂತರೆ ಪೂರ್ತಿ ಬಿಸಿಲು. ಓರೆಯಾದರೆ ಅರ್ಧ. ಒಂದೊಂದು ವಾರ್ಡಿಗೆ ಒಂದು ಚಪ್ಪರ, ಅದಕ್ಕೊಂದು ಫಲಕ, ಫಲಕದ ಮುಂದೆ ಒಬ್ಬ ನೆರಳುಗಾವಲಿನ ಹೆಂಗಸು.

ಜನ ಅದಕ್ಕೆ ಎಷ್ಟು ಬೇಗ ಒಗ್ಗಿಕೊಂಡರೆಂದರೆ ಮೂರನೇ ವರ್ಷಕ್ಕೆ ಬಿಸಿಲಿಗಾಗಿ ಅರ್ಜಿ ಬರತೊಡಗಿದವು. ಸಂಡಿಗೆ ಒಣಗಿಸಲು ಮುಂಜಾನೆ ಎರಡು ತಾಸು ಬಿಸಿಲು ಬೇಕು, ಶಾವಿಗೆಗೆ ಅರ್ಧ ನೆರಳು ಸಾಕು, ಪಕ್ಕದ ವಾರ್ಡಿನ ನೆರಳು ನಮ್ಮ ಮೆಣಸಿನಕಾಯಿಯ ಮೇಲೆ ಬೀಳುತ್ತಿದೆ, ಹೀಗೆ. ಮದುವೆಯವರು ಶಾಮಿಯಾನ ಹಾಕಿಸುವುದು ಬಿಟ್ಟು ನಿಗಮಕ್ಕೆ ಬಂದು ಕೂರುತ್ತಿದ್ದರು. ಹದಿನೇಳನೇ ವಾರ್ಡಿನ ಕಲ್ಲುಖಣಿಯವರು ತಮ್ಮ ತಗಡಿನ ಮಾಡುಗಳನ್ನೇ ಕಿತ್ತುಹಾಕಿದರು. ಮೇಲೆ ಇಷ್ಟು ದೊಡ್ಡ ಚಪ್ಪರ ಇರುವಾಗ ಕೆಳಗೆ ತಗಡು ಯಾಕೆ ಎನ್ನುವುದು ಅವರ ಲೆಕ್ಕಾಚಾರ. ನಾವೂ ಯಾರೂ ಬೇಡವೆನ್ನಲಿಲ್ಲ.

ಆ ಹದಿನೇಳನೇ ವಾರ್ಡಿನಲ್ಲೇ ಅನಾಹುತ ಆಯಿತು. ಬುಧವಾರ ಮಧ್ಯಾಹ್ನ, ಐವತ್ತೊಂದು ಡಿಗ್ರಿ ಹೊತ್ತಿನಲ್ಲಿ, ಚಪ್ಪರದ ರೆಕ್ಕೆಗಳೆಲ್ಲ ಎದ್ದು ನಿಂತು ಒಂದೂಕಾಲು ತಾಸು ಹಾಗೇ ಉಳಿದವು. ಖಣಿಯಲ್ಲಿ ಒಂಬತ್ತು ಜನ ಬಿದ್ದರು. ಎಂಟು ಜನ ಎರಡು ದಿನದಲ್ಲಿ ಮನೆಗೆ ಹೋದರು. ನಲವತ್ತು ಅಡಿ ಆಳದಿಂದ ಎಲ್ಲರನ್ನೂ ಮೇಲೆ ಹತ್ತಿಸಿ ತಾನು ಕಡೆಯದಾಗಿ ಹೊರಟ ಸಾಯಬಣ್ಣ ಎಂಬಾತನಿಗೆ ಮಾತ್ರ ಎಚ್ಚರ ಬರಲಿಲ್ಲ.

ಗುರುವಾರ ನಮ್ಮ ಮುಖ್ಯ ಇಂಜಿನಿಯರ್ ಇನಾಮದಾರ ನಿಯಂತ್ರಣ ಕೊಠಡಿಗೆ ನನ್ನನ್ನು ಕರೆಸಿದರು. ಗೋಡೆಯ ಮೇಲೆ ಊರಿನ ನಲವತ್ತಾರು ಚಪ್ಪರಗಳಲ್ಲಿ ನಲವತ್ತೈದು ಹಸಿರಾಗಿ ಮಿನುಗುತ್ತಿದ್ದವು. ಹದಿನೇಳನೆಯದೊಂದೇ ಕೆಂಪು.

“ಹದಿನೇಳರ ನೆರಳುಗಾವಲಿನ ಆ ರೇವಮ್ಮ ಗುಂಡಿ ಮೂರು ಸಲ ಒತ್ಯಾಳ್ರಿ” ಎಂದರು. “ದಾಖಲಿನಾಗ ಅದ. ಹನ್ನೆರಡಕ್ಕ ಬರೋಬ್ಬರಿ, ಒಂದರ ಹಿಂದೊಂದು ಮೂರು ಸಲ. ಅಕಿ ತಪ್ಪು. ಅಮಾನತ್ ಮಾಡೀನಿ. ಪೊಲೀಸ್ ಕೇಸೂ ಆಗ್ತದ. ನೀವು ಒಂದ್ ಪುಟದ ಟಿಪ್ಪಣಿ ಬರದು ಕೊಡ್ರಿ, ಕನ್ನಡದಾಗ ಚೆಂದಾಗಿ.”

“ಮೂರು ಸಲ ಒತ್ತಿದರೆ ಏನಾಯಿತು ಸರ್? ಎಲ್ಲ ಆದೇಶವೂ ಏಕಫಲಿ ಅಲ್ಲವೇ?”

“ಹೌದಲಾ, ಐಡೆಂಪೊಟೆಂಟ್” ಎಂದು ಅವರು ದೇವರ ಹೆಸರು ಹೇಳಿದ ಹಾಗೆ ಹೇಳಿದರು. “ಯಂತ್ರದ ತಪ್ಪು ಇರೂದಿಲ್ಲ. ಐಡೆಂಪೊಟೆಂಟ್ ಅದ ಅದು.”

“ಹಾಗಿದ್ದರೆ ಮೂರು ಸಲ ಒತ್ತಿದ್ದರಿಂದ ತಪ್ಪಾಗಲು ಸಾಧ್ಯವೇ ಇಲ್ಲ. ಮೂರು ಸಲ ಒತ್ತಿದ್ದೇ ತಪ್ಪು ಎಂದರೆ ಅದು ಐಡೆಂಪೊಟೆಂಟ್ ಅಲ್ಲ. ಎರಡರಲ್ಲಿ ಒಂದು ಹೇಳಿ.”

ಇನಾಮದಾರ ನನ್ನನ್ನು ನೋಡಿ, ಗೋಡೆಯನ್ನು ನೋಡಿ, ಮತ್ತೆ ನನ್ನನ್ನು ನೋಡಿದರು. “ಎರಡೂ ಹೌದ್ರಿ” ಎಂದರು. ಹದಿನೆಂಟು ವರ್ಷ ಇಂಜಿನಿಯರಾಗಿದ್ದ ಮನುಷ್ಯ. ನಾನು ಎದ್ದು ಬಂದೆ.

ರೇವಮ್ಮನ ಮನೆ ಖಣಿಯ ಅಂಚಿಗೇ ಇದೆ. ಕಲ್ಲುಹಾಸಿನ ಮಾಡು, ಕಲ್ಲಿನದೇ ನೆಲ. ಆಕೆ ಬಾಗಿಲಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ವಯಸ್ಸು ಐವತ್ತರ ಆಚೆ. ನನ್ನನ್ನು ನೋಡಿ ಮೊರ ಕೆಳಗಿಟ್ಟು ಒಳಗೆ ಹೋಗಿ ಕೈಪಿಡಿ ತಂದಳು. ಅದಕ್ಕೆ ಹಳೆ ಕ್ಯಾಲೆಂಡರಿನ ರಟ್ಟು ಹಾಕಿದ್ದಳು. ಹದಿನಾಲ್ಕನೇ ಪುಟ ತೆರೆದು ನನ್ನ ಸಾಲಿನ ಮೇಲೆ ಬೆರಳಿಟ್ಟಳು. ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಇತ್ತು.

“ಇದು ಓದ್ರಿ ಮೇಡಂ. ನಾ ಏನ್ ತಪ್ಪ ಮಾಡೀನಿ ಹೇಳ್ರಿ.”

“ಮೂರು ಸಲ ಯಾಕೆ ಒತ್ತಿದಿರಿ ರೇವಮ್ಮ?”

ಆಕೆಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. “ಒಂದ್ ಸಲ ಹೇಳಿದ್ರ ಅದು ಹೇಳಿದಂಗ ಆಯ್ತೇನ್ರಿ? ಮದಿವಿಗಿ ಒಂದ್ ಸಲ ಕರದ್ರ ಯಾರರ ಬರ್ತಾರೇನು? ಕಾರ್ಡ್ ಕೊಡಬೇಕು, ಆಮ್ಯಾಲ ಮನಿಗಿ ಹೋಗಿ ಕುಂಕುಮ ಹಚ್ಚಿ ಕರೀಬೇಕು, ಹಿಂದಿನ ದಿನ ಫೋನ್ ಮಾಡಿ ಮತ್ತ ಹೇಳಬೇಕು. ಊಟಕ್ಕ ಕುಂತೋರಿಗಿ ಒಂದ್ ಸಲ ರೊಟ್ಟಿ ಬೇಕೇನ್ರಿ ಅಂದು ಸುಮ್ಮನಾದ್ರ ಅವರು ಹಸಗೊಂಡೇ ಏಳ್ತಾರ. ಆ ಯಂತ್ರರ ಏನು, ಒತ್ತಿದ್ರ ‘ಸ್ವೀಕರಿಸಲಾಗಿದೆ’ ಅಂತದ, ರೆಕ್ಕಿ ಅಲ್ಲಾಡೂದೇ ಇಲ್ಲ. ಅದಕ್ಕ ಮೂರು ಸಲ ಒತ್ತತೀನಿ. ಎಲ್ಲಾರೂ ಹಂಗೇ ಒತ್ತತಾರ. ಹೆಂಗಿದ್ರೂ ಎಷ್ಟು ಸಲ ಒತ್ತಿದ್ರೂ ಒಂದೇ ಅಂತ ನೀವೇ ಬರದೀರಲ್ರಿ.”

ನಾನೂ ಇದೇ ಊರಿನವಳು. ಮೂರನೇ ಸಲ ಹೇಳಿಸಿಕೊಳ್ಳದೆ ಯಾರ ಮನೆಯಲ್ಲೂ ಚಹಾ ಕುಡಿದವಳಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

“ಯಾವ ಗುಂಡಿ ಒತ್ತಿದಿರಿ? ‘ಪೂರ್ಣ ನೆರಳು’ ತಾನೇ?”

“ಅದು ಒತ್ತಾಕ ದೊಡ್ಡ ಆಫೀಸಿನ ಪರವಾನಗಿ ಬೇಕ್ರಿ, ಒಂದು ಗಂಟಿ ತನಕ. ಅದು ಒತ್ತಿದ್ರ ರೆಕ್ಕಿ ಎಲ್ಲಾ ಒಮ್ಮೆಲೇ ತಿರಗತಾವ, ಕರೆಂಟ್ ಭಾಳ ಬೇಕಂತ. ಪರವಾನಗಿ ಕೇಳಿದ್ರ ಫೋನ್ ಎತ್ತೂದಿಲ್ಲ. ಅದಕ್ಕ ಬಾಜೂದ್ದು ಒತ್ತತೀವಿ. ‘ಮುಂದಿನ ಮೆಟ್ಟಿಲು’ ಅಂತದಲ್ರಿ, ಅದು.”

ನಾನು ಅಲ್ಲೇ, ಬೇಳೆಯ ಮೊರದ ಪಕ್ಕ, ನೆಲದ ಮೇಲೆ ಕುಳಿತುಬಿಟ್ಟೆ. ಮುಂದಿನ ಮೆಟ್ಟಿಲು ಎಂದರೆ ರೆಕ್ಕೆ ಒಂದು ಮೆಟ್ಟಿಲು ತಿರುಗುವುದು. ಅಗ್ಗದ ಹಲ್ಲುಗಾಲಿ ಹಾಕಿರುವುದರಿಂದ ರೆಕ್ಕೆ ಒಂದೇ ದಿಕ್ಕಿಗೆ ತಿರುಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಬೇರೆ ದಿನ ಪೂರ್ತಿ ಬಿಸಿಲಿದ್ದಾಗಲೇ ಒತ್ತುತ್ತಿದ್ದುದರಿಂದ ಮೂರು ಮೆಟ್ಟಿಲಾದರೂ ಅರ್ಧ ನೆರಳು ಉಳಿಯುತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಅವತ್ತು ಹನ್ನೆರಡು ಗಂಟೆಗೆ ಚಪ್ಪರ ಆಗಲೇ ಅರ್ಧ ನೆರಳಿನಲ್ಲಿತ್ತು. ಒಂದು ಮೆಟ್ಟಿಲಿಗೆ ಪೂರ್ತಿ ನೆರಳು. ಎರಡನೆಯದಕ್ಕೆ ಮತ್ತೆ ಅರ್ಧ. ಮೂರನೆಯದಕ್ಕೆ ರೆಕ್ಕೆ ಎದ್ದು ನಿಂತು ನೆತ್ತಿಯ ಮೇಲೆ ಸೂರ್ಯ. ಒಂದೊಂದು ಮೆಟ್ಟಿಲಿಗೂ ಒಂಬತ್ತು ನಿಮಿಷ ಬೇಕು. ಹನ್ನೆರಡೂ ಒಂಬತ್ತಕ್ಕೆ ನೆರಳು ತುಂಬಿದ್ದನ್ನು ಕಣ್ಣಾರೆ ನೋಡಿ ರೇವಮ್ಮ ಊಟಕ್ಕೆ ಹೋದಳು. ಯಂತ್ರ ಉಳಿದ ಎರಡು ಆದೇಶಗಳನ್ನು ಒಂದೊಂದಾಗಿ ಪಾಲಿಸಿತು. ಆಕೆ ತಿರುಗಿ ಬಂದು ಮತ್ತೆ ಒತ್ತುವಷ್ಟರಲ್ಲಿ ಮೋಟಾರುಗಳು ಬಿಸಿಲಿಗೆ ಕಾದು ತಾವೇ ನಿಂತುಬಿಟ್ಟಿದ್ದವು. ಫಲಕ ಮಾತ್ರ ‘ಸ್ವೀಕರಿಸಲಾಗಿದೆ’ ಎನ್ನುತ್ತಲೇ ಇತ್ತು.

“ಸಾಯಬಣ್ಣ ನಮ್ಮ ಓಣಿಯವನೇರಿ” ಎಂದಳು ರೇವಮ್ಮ. “ಅವನ ಹೆಣ್ತಿ ದೇವಕ್ಕೆಮ್ಮ ನನ್ನ ಸಂಗಾಟ ಬೇಳಿ ಒಡ್ಯಾಕ ಬರ್ತಿದ್ಳು. ಈಗ ನನ್ನ ಮುಖ ನೋಡವಲ್ಳು. ನಾ ಜೇಲಿಗಿ ಹೋದ್ರ ಹೋಗ್ತೀನಿ ಮೇಡಂ. ಖರೇ ನಾನೇ ಬಿಸಿಲು ಹಾಕಿ ಮಂದಿನ್ನ ಸುಟ್ಟೀನಿ ಅಂತ ಬರೀಬ್ಯಾಡ್ರಿ.”

ಆಗ ನನಗೆ ಅಳು ಬರಬೇಕಿತ್ತು. ಸಿಟ್ಟು ಬಂತು. ಮೊದಲು ಕಂಪನಿಯ ಮೇಲೆ ಬಂತು, ಯಾಕೆಂದರೆ ಅದು ಸುಲಭ.

ಕಂಪನಿಯ ಪ್ರತಿನಿಧಿ ನಿಶ್ಚಲ್ ಮರುದಿನ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಸಿಕ್ಕ. ಬೆಂಗಳೂರಿನಿಂದ ಮಾತಾಡುತ್ತಿದ್ದ, ಹಿಂದೆ ಒಂದು ಹಸಿರು ಗಿಡ ಇತ್ತು.

“ಮೇಡಂ, ನಮ್ಮ ಎಲ್ಲಾ ಕಮಾಂಡೂ ಐಡೆಂಪೊಟೆಂಟೇ. ಟೆಂಡರ್‌ನಲ್ಲೇ ಹಾಕಿದ್ದೀವಿ.”

“ಮುಂದಿನ ಮೆಟ್ಟಿಲೂ?”

“ಅದೂ ಅಷ್ಟೇ. ನೋಡಿ, ಪ್ರತಿ ಪ್ರೆಸ್‌ಗೂ ಒಂದು ನಂಬರ್ ಇರುತ್ತೆ. ನೆಟ್‌ವರ್ಕ್ ಸರಿ ಇಲ್ದೆ ಅದೇ ಪ್ರೆಸ್ ಎರಡು ಸಲ ಬಂದ್ರೆ ನಾವು ಎರಡನೇದನ್ನ ಬಿಸಾಕ್ತೀವಿ. ಐಡೆಂಪೊಟೆಂಟ್ ಅಂದ್ರೆ ಅದೇ ಅಲ್ವಾ?”

“ಅದು ದಾರಿಯಲ್ಲಿ ಒಂದು ಆದೇಶ ಎರಡಾಗಿ ಬಂದಾಗಿನ ಮಾತು. ಮನುಷ್ಯರೇ ಮೂರು ಸಲ ಒತ್ತಿದರೆ?”

“ಆಗ ಮೂರು ನಂಬರ್ ಬರುತ್ತೆ, ಮೂರು ಸ್ಟೆಪ್ ತಿರುಗುತ್ತೆ.”

“ಹಾಗಾದರೆ ಗುಂಡಿ ಒತ್ತುವವರ ಪಾಲಿಗೆ ಅದು ಐಡೆಂಪೊಟೆಂಟ್ ಅಲ್ಲ.”

“ಐಡೆಂಪೊಟೆಂಟೇ ಮೇಡಂ. ಅವರು ಮೂರು ಸಲ ಒತ್ತಬಾರ್ದಿತ್ತು ಅಷ್ಟೇ.”

ಮೂರು ಸಲ ಒತ್ತಿದರೆ ಏನೂ ಆಗದು ಎನ್ನುವುದೇ ಆ ಪದದ ಅರ್ಥ ಕಣಯ್ಯಾ ಎಂದು ಕೂಗಬೇಕೆನಿಸಿತು. ಕೂಗಿದೆ ಕೂಡ. ಅವನು ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಹೋದ. ಅವನ ಗಿಡ ಒಂದು ಗಳಿಗೆ ಪರದೆಯ ಮೇಲೆ ಹಾಗೇ ನಿಂತಿತ್ತು.

ಮನೆಗೆ ಬಂದು ಹಳೆಯ ಮಿಂಚಂಚೆಗಳನ್ನೆಲ್ಲ ತೆಗೆದೆ. ಐದು ವರ್ಷದ ಹಿಂದೆ ಕೈಪಿಡಿ ಬರೆಯುವಾಗ ನನಗೆ ಇದೇ ಅನುಮಾನ ಬಂದಿತ್ತು. ಕಂಪನಿಗೆ ಕೇಳಿದ್ದೆ: ‘ಮುಂದಿನ ಮೆಟ್ಟಿಲು ಎಂಬ ಆದೇಶವೂ ಐಡೆಂಪೊಟೆಂಟ್ ಹೌದೇ?’ ಉತ್ತರ ಒಂದೇ ಪದದಲ್ಲಿ ಬಂದಿತ್ತು. ‘ಹೌದು.’ ಕೆಳಗೆ ನಿಶ್ಚಲನ ಹೆಸರು. ಅದನ್ನು ನೋಡಿ ನನಗೆ ಜೀವ ಬಂದಂತಾಯಿತು. ನನ್ನ ಗಂಡ ಮಡಿವಾಳಪ್ಪ ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ರೊಟ್ಟಿ ಮುರಿಯುತ್ತಲೇ ಕನ್ನಡಕದ ಮೇಲಿನಿಂದ ಅದನ್ನು ಓದಿದರು.

“ಮತ್ತೇನು, ಕಂಪನಿದೇ ತಪ್ಪು. ಇದು ಒಗದು ಬಾ ಅವರ ಮುಂದ. ಆ ಕೈಪಿಡಿ ಮಾತು ನೀ ತೆಗೀಬ್ಯಾಡ.”

“ತೆಗೆಯದಿದ್ದರೆ ರೇವಮ್ಮ ಒತ್ತಿದ್ದು ಯಾಕೆಂದು ಯಾರಿಗೆ ತಿಳಿಯುತ್ತದೆ?”

“ತಿಳೀಲಿಲ್ಲಂದ್ರ ಬಿಡು. ನಿವೃತ್ತಿಗಿ ನಾಕು ವರ್ಷ ಉಳದದ ನಿಂದು.” ಆಮೇಲೆ ಒಂದು ತುತ್ತು ನುಂಗಿ ಕೇಳಿದರು: “ಅಲ್ಲ, ಆ ಫಲಕ ನಿನ್ನ ಟೇಬಲ್ ಮ್ಯಾಲೇ ಮೂರು ತಿಂಗಳು ಇತ್ತಲ್ಲ. ನೀ ಒತ್ತಿ ನೋಡಲಿಲ್ಲೇನು?”

ಗಣಿತದ ಮೇಷ್ಟ್ರಿಗೆ ಇಂಥ ಪ್ರಶ್ನೆಗಳು ಎಲ್ಲಿಂದ ಹೊಳೆಯುತ್ತವೋ! ಆ ಮೂರು ತಿಂಗಳು ಮಾದರಿ ಫಲಕ ನನ್ನ ಮೇಜಿನ ಮೇಲೆ ಇದ್ದದ್ದು ನಿಜ. ಅದಕ್ಕೆ ನಿಗಮದ ಅಂಗಳದ ಚಪ್ಪರವನ್ನು ಜೋಡಿಸಿಯೇ ಕೊಟ್ಟಿದ್ದರು. ನಾನು ಅದರ ಮೇಲೆ ನಿಘಂಟು ಇಡುತ್ತಿದ್ದೆ. ಪಲ್ಯ ಉಪ್ಪಾಗಿದೆ ಎಂದು ಜಗಳ ತೆಗೆದೆ, ಅದು ಉಪ್ಪಾಗಿರಲಿಲ್ಲ.

ವಿಚಾರಣೆ ಮಂಗಳವಾರ ನಡೆಯಿತು. ನಿವೃತ್ತ ನ್ಯಾಯಾಧೀಶ ಹುಲಸೂರಕರ್ ಅಧ್ಯಕ್ಷರು. ಸಭಾಂಗಣದ ಏಸಿ ಕೆಟ್ಟಿದ್ದರಿಂದ ನಿಗಮದ ಅಂಗಳದಲ್ಲೇ, ಚಪ್ಪರದ ಅರ್ಧ ನೆರಳಿನಲ್ಲಿ ಮೇಜು ಹಾಕಿದ್ದರು. ಸಾಕ್ಷಿಗಾಗಿ ಮಾದರಿ ಫಲಕವನ್ನು ಮೇಜಿನ ಮೇಲೆ ತಂದಿಟ್ಟಿದ್ದರು. ನಿಶ್ಚಲ್ ಈ ಸಲ ಖುದ್ದಾಗಿ ಬಂದು, ಅಂಗಿಯ ತೋಳು ಮಡಚಿ, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. ರೇವಮ್ಮ ಕಡೆಯ ಬೆಂಚಿನಲ್ಲಿ ಸೆರಗು ಹೊದ್ದು ಕುಳಿತಿದ್ದಳು.

ಇನಾಮದಾರ ದಾಖಲೆ ಓದಿದರು. ಮೂರು ಒತ್ತು, ಹನ್ನೆರಡು ಗಂಟೆ, ನಿರ್ಲಕ್ಷ್ಯ. ನಿಶ್ಚಲ್ ಹದಿನೈದು ನಿಮಿಷ ಮಾತಾಡಿದ. ಐಡೆಂಪೊಟೆಂಟ್ ಎಂಬ ಪದವನ್ನು ಅವನು ಒಂಬತ್ತು ಸಲ ಬಳಸಿದ, ನಾನು ಎಣಿಸಿದೆ. ಪ್ರತಿ ಸಲ ಇನಾಮದಾರ ತಲೆಯಾಡಿಸಿದರು. ಅಧ್ಯಕ್ಷರು ಅದನ್ನು ಬರೆದುಕೊಳ್ಳುತ್ತಿದ್ದರು.

ನನ್ನ ಸರದಿ ಬಂದಾಗ ನಾನು ಬರೆದು ತಂದಿದ್ದ ನಾಲ್ಕು ಪುಟ ಕೈಯಲ್ಲೇ ಉಳಿಯಿತು. ಓದಿದರೆ ಅವರೆಲ್ಲ ತಲೆಯಾಡಿಸುತ್ತಾರೆ, ಆಮೇಲೆ ರೇವಮ್ಮನ ಮೇಲೆ ಕೇಸು ಹಾಕುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ನಾನು ಫಲಕವನ್ನು ನನ್ನ ಕಡೆಗೆ ಎಳೆದುಕೊಂಡೆ.

“ನಿಶ್ಚಲ್, ಈ ಫಲಕ ನಮ್ಮ ತಲೆಯ ಮೇಲಿನ ಈ ಚಪ್ಪರದ್ದು. ಈಗ ಅರ್ಧ ನೆರಳಿದೆ. ಮುಂದಿನ ಮೆಟ್ಟಿಲು ಎಂಬ ಗುಂಡಿ ಐಡೆಂಪೊಟೆಂಟ್ ಎಂದು ನೀವು ಅಧ್ಯಕ್ಷರ ಮುಂದೆ ಹೇಳಿದ್ದೀರಿ. ಅಂದರೆ ಮೂರು ಸಲ ಒತ್ತಿದರೂ ಒಂದು ಸಲ ಒತ್ತಿದ ಹಾಗೆ.”

“ಹೌದು ಮೇಡಂ.”

“ಹೊರಗೆ ಐವತ್ತು ಡಿಗ್ರಿ ಇದೆ. ನಾನು ಈಗ ಮೂರು ಸಲ ಒತ್ತುತ್ತೇನೆ. ಎಲ್ಲರೂ ಅರ್ಧ ತಾಸು ಇಲ್ಲೇ ಕೂರೋಣ. ಮೋಟಾರು ನಿಂತರೆ ಒಂದು ತಾಸು. ಆಗಬಹುದಲ್ಲ?”

ನಾನು ಒಂದು ಸಲ ಒತ್ತಿದೆ. ‘ಸ್ವೀಕರಿಸಲಾಗಿದೆ’ ಎಂದಿತು ಫಲಕ. ಎರಡನೇ ಸಲ ಬೆರಳು ಎತ್ತಿದೆ. ನಿಶ್ಚಲ್ ಎದ್ದು ಬಾಗಿ ಆ ಗುಂಡಿಯ ಮೇಲೆ ತನ್ನ ಅಂಗೈ ಮುಚ್ಚಿದ.

“ಬೇಡ ಮೇಡಂ” ಎಂದ.

“ಯಾಕೆ?”

ಅವನು ಅಂಗೈ ಎತ್ತಲಿಲ್ಲ. ಅಧ್ಯಕ್ಷರು ಅವನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಪೆನ್ನು ತೆಗೆದು ತಾವು ಬರೆದುಕೊಂಡಿದ್ದ ಪುಟದಲ್ಲಿ ಆ ಪದ ಇದ್ದ ಕಡೆಯೆಲ್ಲ ಅಡ್ಡಗೆರೆ ಎಳೆದರು. ನಾನು ಮಿಂಚಂಚೆಯ ಪ್ರತಿಯನ್ನೂ ಅವರ ಮುಂದಿಟ್ಟೆ. ಕಂಪನಿಯ ‘ಹೌದು’ ಎಲ್ಲರ ಕೈಯಿಂದ ಕೈಗೆ ಹೋಯಿತು. ಅಲ್ಲಿಗೆ ನಾನು ಕೂರಬಹುದಿತ್ತು. ಮಡಿವಾಳಪ್ಪನವರ ಲೆಕ್ಕದ ಪ್ರಕಾರ ಕೂರಬೇಕಿತ್ತು.

“ಹಾಗಾದರೆ ಆ ಹೆಣ್ಣುಮಗಳು ಮೂರು ಸಲ ಯಾಕ ಒತ್ತಿದಳು?” ಎಂದು ಅಧ್ಯಕ್ಷರು ಕೇಳಿದರು. “ಒಂದು ಸಲಕ್ಕ ನೆರಳು ಬರ್ತದಂತ ಆಕಿಗೆ ಗೊತ್ತಿತ್ತಲ್ಲ?”

ರೇವಮ್ಮ ಎದ್ದು ನಿಂತಳು. ಕೈಯಲ್ಲಿ ರಟ್ಟು ಹಾಕಿದ ಕೈಪಿಡಿ ಇತ್ತು. ಆಕೆ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

“ಎಷ್ಟು ಸಲ ಒತ್ತಿದರೂ ಒಂದೇ ಎಂದು ನಾನು ಬರೆದಿದ್ದೆ. ಹದಿನಾಲ್ಕನೇ ಪುಟ. ಆಕೆ ಓದಿ ಅದರಂತೆ ನಡೆದಳು.”

“ನೀವು ಕಂಪನಿಗೆ ಕೇಳಿದ್ದೀರಿ, ಅವರು ಹೌದು ಅಂದಾರ.”

“ಕೇಳಿದೆ. ಈ ಫಲಕ ಮೂರು ತಿಂಗಳು ನನ್ನ ಮೇಜಿನ ಮೇಲಿತ್ತು. ಮೂರು ಸಲ ಒತ್ತಿ ಅರ್ಧ ತಾಸು ಕಿಟಕಿಯಿಂದ ಹೊರಗೆ ನೋಡಿದ್ದರೆ ಗೊತ್ತಾಗುತ್ತಿತ್ತು. ಪದದ ಅರ್ಥ ನನಗೆ ಗೊತ್ತು ಎಂಬ ಗರ್ವದಲ್ಲಿ ನಾನು ಒತ್ತಿ ನೋಡಲಿಲ್ಲ. ಇದನ್ನೂ ಬರೆದುಕೊಳ್ಳಿ.”

ಬರೆದುಕೊಂಡರು. ರೇವಮ್ಮನ ಅಮಾನತ್ತು ಅವತ್ತೇ ರದ್ದಾಯಿತು. ಕಂಪನಿಗೆ ನೋಟಿಸು ಹೋಯಿತು. ನನ್ನನ್ನು ಪರಿಭಾಷಾ ವಿಭಾಗದಿಂದ ತೆಗೆದು ದಾಸ್ತಾನು ಕೋಣೆಗೆ ಹಾಕಿದರು. ಇನಾಮದಾರ ಮೆಟ್ಟಿಲ ಬಳಿ ಸಿಕ್ಕಿ, “ನಿಮಗ್ಯಾಕ ಬೇಕಾಗಿತ್ರಿ ಇದು?” ಎಂದು ನಿಜವಾಗಿಯೂ ಮರುಕದಿಂದ ಕೇಳಿದರು. ಎರಡೂ ಹೌದ್ರಿ ಸರ್, ಬೇಕಾಗಿತ್ತು, ಬೇಕಾಗಿರಲಿಲ್ಲ ಎಂದೆ. ಅವರಿಗೆ ಅದು ಅರ್ಥವಾದಂತೆ ಕಂಡಿತು.

ಸಾಯಬಣ್ಣನಿಗೆ ಆರನೇ ದಿನ ಎಚ್ಚರ ಬಂದಿತ್ತು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಮನೆಯಲ್ಲೇ ಬಹಳ ದಿನ ಔಷಧಿ ನಡೆಯಬೇಕು ಎಂದಿದ್ದರು. ಅವನನ್ನು ಮನೆಗೆ ಕಳಿಸುವ ದಿನ ನಾನು ಆಸ್ಪತ್ರೆಗೆ ಹೋದೆ. ಅವನು ಕಣ್ಣು ಮುಚ್ಚಿ ಮಲಗಿದ್ದ. ಕಾಲುಗಳು ಊದಿಕೊಂಡಿದ್ದವು. ದೇವಕ್ಕೆಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನಾನು ನನ್ನ ಹೆಸರು ಹೇಳಿ, ಆ ಸಾಲು ಬರೆದದ್ದು ನಾನು ಎಂದೆ. ರೇವಮ್ಮನ ತಪ್ಪಿಲ್ಲ ಎಂದೆ. ಇದಕ್ಕಿಂತ ಹೆಚ್ಚಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ.

ಆಕೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಹಳ ಹೊತ್ತು ಚೀಲದ ದಾರ ಕಟ್ಟಿದಳು, ಬಿಚ್ಚಿದಳು. ಆಮೇಲೆ ರವಿಕೆಯೊಳಗಿಂದ ಮಡಚಿದ ಚೀಟಿ ತೆಗೆದು ಚಾಚಿದಳು.

“ಓದಾಕ ಬರ್ತದಲ್ರಿ ನಿಮಗ. ಗುಳಿಗಿ ಹೆಂಗ ಕೊಡಬೇಕಂತ ಬರದಾರ, ಓದಿ ಹೇಳ್ರಿ.”

ಬೆಳಗ್ಗೆ ಒಂದು, ರಾತ್ರಿ ಒಂದು. ಅದು ಸರಿ. ಕೆಳಗೆ ಇನ್ನೊಂದು ಗುಳಿಗೆ, ಅದರ ಮುಂದೆ ಕನ್ನಡದಲ್ಲೇ ಬರೆದಿತ್ತು: ‘ಊತ ಇದ್ದರೆ ಇನ್ನೊಂದು.’ ದಿನಕ್ಕೆ ಎರಡು, ಊತ ಇದ್ದರೆ ಇದು ಮೂರನೆಯದು ಎಂದು ಹೇಳಿ ಎದ್ದುಬಿಡಬಹುದಿತ್ತು. ನಾನು ಹಾಗೇ ಹೇಳಲು ಬಾಯಿ ತೆರೆದೆ.

“ಊತ ಇಳೀಲಿಲ್ಲಂದ್ರ ಮತ್ತೊಂದು ಕೊಡ್ಲೇನ್ರಿ? ಆಗೂ ಇಳೀಲಿಲ್ಲಂದ್ರ ಮತ್ತೊಂದು?” ಎಂದಳು ದೇವಕ್ಕೆಮ್ಮ.

ನಾನು ಚೀಟಿ ಹಿಡಿದು ಎದ್ದೆ. “ಇರ್ರಿ, ಕೇಳಿ ಬರ್ತೀನಿ” ಎಂದೆ.

ಔಷಧಿ ಕೊಡುವ ಕಿಟಕಿಯ ನರ್ಸ್‌ಗೆ ಆ ಹೊತ್ತಿಗೆ ಇಪ್ಪತ್ತು ಜನ ಗಂಟುಬಿದ್ದಿದ್ದರು. “ಬರದದಲ್ರಿ ಅದರಾಗ, ಓದಾಕ ಬರೂದಿಲ್ಲೇನು?” ಎಂದಳು. ಓದಲು ಬರುತ್ತದೆ, ಇನ್ನೊಂದು ಅಂದರೆ ದಿನಕ್ಕೆ ಒಟ್ಟು ಒಂದೇ, ಅಥವಾ ಊತ ಇಳಿಯುವವರೆಗೆ ಒಂದರ ಮೇಲೊಂದೇ ಎಂದು ಕೇಳಿದೆ. “ಊತ ಇದ್ರ ಇನ್ನೊಂದ್ರೀ!” ಎಂದು ಆಕೆ ರೇಗಿದಳು. ನಾನು ಕಿಟಕಿ ಬಿಡಲಿಲ್ಲ. ಮತ್ತೆ ಕೇಳಿದೆ, ಹಿಂದಿನವರು ಬೈದರು, ಮತ್ತೆ ಕೇಳಿದೆ. ಕೊನೆಗೆ ಆಕೆ ಚೀಟಿ ಕಸಿದುಕೊಂಡು ಒಳಗೆ ಡಾಕ್ಟರ ಹತ್ತಿರ ಹೋದಳು. ತಿರುಗಿ ಬರುವಾಗ ಆಕೆಯ ನಡೆ ನಿಧಾನವಾಗಿತ್ತು.

“ದಿನಕ್ಕ ಒಂದೇ ಅಂತ್ರಿ” ಎಂದಳು ಮೆಲ್ಲಗೆ. “ಎರಡನೇದು ಕೊಟ್ರ ಕಿಡ್ನಿ ತಡ್ಕೊಳ್ಳೂದಿಲ್ಲಂತ.” ಹಳೆಯ ಸಾಲು ಹೊಡೆದುಹಾಕಿ ಹೊಸದಾಗಿ ಬರೆದುಕೊಟ್ಟಳು.

ನಾನು ಬಂದು ದೇವಕ್ಕೆಮ್ಮನಿಗೆ ಓದಿ ಹೇಳಿದೆ. ಊತ ಇದ್ದರೆ ದಿನಕ್ಕೆ ಒಂದು. ಊತ ಎಷ್ಟೇ ಇರಲಿ, ಎಷ್ಟು ಹೊತ್ತು ಇರಲಿ, ಒಂದೇ. ಇಳಿಯದಿದ್ದರೆ ಗುಳಿಗೆ ಕೊಡಬಾರದು, ಆಸ್ಪತ್ರೆಗೆ ಬರಬೇಕು. ಆಕೆ ತನ್ನ ಬಾಯಿಂದ ಅದನ್ನು ಹೇಳಿ ನೋಡಿದಳು, ನಾನು ಹೌದೆಂದೆ. ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು.

“ಆ ಸಾಲೂ ಹಿಂಗ ಅವತ್ತೇ ಕೇಳಿ ಬರದಿದ್ರ ಆಗ್ತಿತ್ತಲ್ರಿ ಮೇಡಂ” ಎಂದಳು.

ನಾನು ಪಾತ್ರೆಯ ಚೀಲ ಎತ್ತಿಕೊಂಡೆ. ಆಕೆ ಗಂಡನನ್ನು ಎಬ್ಬಿಸಿದಳು.